ಕರಿಬೇವಿನ ಬುಡಕ್ಕೆ ಸುರಿದ ಬಣ್ಣ

ಜುಲೈ ಹದಿಮೂರು, ಭಾನುವಾರ, ಬೆಳಿಗ್ಗೆ ಏಳು ಗಂಟೆ. ಚಿತ್ರದುರ್ಗದ ನಮ್ಮ ಮನೆಯ ಹಿತ್ತಿಲಿನ ತಗಡಿನ ಚಪ್ಪರದ ಕೆಳಗೆ ಹಾಜರಿದ್ದವರು ಇಬ್ಬರು: ನಾನು, ಮತ್ತು ಹೊಸ್ತಿಲ ಮೇಲೆ ಕುಳಿತು ಅಲಸಂದೆ ಬಿಡಿಸುತ್ತಿದ್ದ ನನ್ನ ಹೆಂಡತಿ. ಕೆಲಸದ ಮೇಜಿನ ಮೇಲೆ ಒಂದು ಗೇಣಿಗಿಂತ ಸ್ವಲ್ಪ ಎತ್ತರದ ಮರದ ಬೊಂಬೆ ನಿಂತಿತ್ತು. ಅದು ಅಲ್ಲಿ ನಿಂತಿದ್ದೇ ತಪ್ಪು ಎಂಬುದು ಏಳು ಗಂಟೆಗೆ ನನಗೆ ಗೊತ್ತಿರಲಿಲ್ಲ. ಏಳೂಕಾಲಿಗೆ ಗೊತ್ತಾಯಿತು.

ನನ್ನ ದಿನಚರಿಯನ್ನು ಮೊದಲೇ ಹೇಳಿಬಿಡುತ್ತೇನೆ, ತಪ್ಪು ಹುಟ್ಟಿದ್ದು ಅಲ್ಲಿಂದಲೇ. ನಾನು ಬಡಗಿ ಮನೆತನದವನು. ಓದಿದ್ದು ಮಠದ ಉಚಿತ ಹಾಸ್ಟೆಲಿನಲ್ಲಿ. ನಾಲ್ಕೂವರೆಗೆ ಗಂಟೆ, ತಣ್ಣೀರು ಸ್ನಾನ, ಪ್ರಾರ್ಥನೆ, ಸಾಲು, ಊಟ, ತಟ್ಟೆ ತೊಳೆದು ಬೋರಲು ಹಾಕುವುದು. ಬೋರಲು ಹಾಕದ ತಟ್ಟೆಯ ಹುಡುಗನಿಗೆ ಮರುದಿನ ಕಡೆಯ ಸಾಲು. ಆಮೇಲೆ ಮೂವತ್ತಮೂರು ವರ್ಷ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶಾಲೆಗಳಲ್ಲಿ ಮರಗೆಲಸದ ಮೇಷ್ಟ್ರಾಗಿದ್ದೆ. ನಿವೃತ್ತನಾದ ಮೇಲೂ ವೇಳಾಪಟ್ಟಿ ಬಿಡಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ಕೈಕೆಲಸ, ಭಾನುವಾರ ಬೆಳಿಗ್ಗೆ ಏಳಕ್ಕೆ ಕಾಗದ ಪತ್ರ. ವಾರದ ನಡುವೆ ಏನೇ ಕಾಗದ ಬಂದರೂ ಅದು ಮೇಜಿನ ಎಡಗಡೆಯ ರಟ್ಟಿನ ಫೈಲಿನೊಳಗೆ ಹೋಗಿ ಭಾನುವಾರಕ್ಕೆ ಕಾಯಬೇಕು. ಕರೆಂಟ್ ಬಿಲ್ಲಿಗೂ ಇದೇ ನಿಯಮ, ಮದುವೆ ಕರೆಯೋಲೆಗೂ ಇದೇ.

ಹಿಂದಿನ ಸೋಮವಾರ ಹಿರಿಯೂರಿನಿಂದ ಆಪಾ ಬಂದಿದ್ದರು. ಅವರ ತಂದೆಗೆ ಅಲ್ಲಿ ಮರದ ಡಿಪೋ ಇತ್ತು. ನಾನು ಹಿರಿಯೂರಿನ ಶಾಲೆಯಲ್ಲಿದ್ದಾಗ ಮಕ್ಕಳ ಕೆಲಸಕ್ಕೆ ಬೇಕಾದ ತುಂಡುಮರ ಅಲ್ಲಿಂದಲೇ ಬರುತ್ತಿತ್ತು. ಆಗಿನಿಂದ ಆ ಮನೆಯ ಪರಿಚಯ. ಆಪಾ ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವರು, ಆದರೂ ಎಲ್ಲರಂತೆ ನಾನೂ ಅಕ್ಕ ಎಂಬರ್ಥದ ಆಪಾ ಎಂದೇ ಕರೆಯುತ್ತೇನೆ. ಅವರು ಚೀಲದಿಂದ ಹಳೆಯ ದುಪಟ್ಟಾದಲ್ಲಿ ಸುತ್ತಿದ್ದ ಬೊಂಬೆಯನ್ನು ತೆಗೆದು, ಮಗುವನ್ನು ಇಡುವಂತೆ ಮೇಜಿನ ಮೇಲೆ ಮಲಗಿಸಿದರು.

“ಕಾಲು ಮುರದೈತೆ ಮೇಷ್ಟ್ರೆ. ಬೀರು ಬಾಗ್ಲು ಜೋರಾಗಿ ಹಾಕ್ಬಿಟ್ಟೆ, ಬಿತ್ತು. ಕಾಲೊಂದು ಅಂಟಿಸ್ಕೊಡ್ರಿ. ಬರೋ ಸೋಮವಾರ ತಗಂಡು ಹೋಗೋಕೆ ಬರ್ತಾರೆ.”

“ಯಾರು ಬರ್ತಾರೆ?”

“ಅಮೆರಿಕದ ಅಕ್ಕನ ತಂಗಿ ಮಗಳಂತೆ. ಕಾಗದ ಬಂದೈತೆ, ನೋಡ್ರಿ. ನಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ. ಪಕ್ಕದ್ಮನೆಯವ್ರು ಬರೋ ದಿನ ಮಾತ್ರ ಓದಿ ಹೇಳಿದ್ರು. ನೀವು ಪೂರಾ ಓದ್ರಿ, ಆಮೇಲೆ ನಂಗೆ ಹೇಳ್ರಿ.”

ಆ ಅಕ್ಕನ ಕಥೆ ನನಗೆ ಅಷ್ಟಿಷ್ಟು ಗೊತ್ತಿತ್ತು. ಐವತ್ತೈದು ವರ್ಷದ ಹಿಂದೆ ಕೋಳಿ ಸಾಕಣೆ ಕಲಿಸಲು ಬಂದ ಅಮೆರಿಕದ ತರುಣಿಯೊಬ್ಬಳು ಆ ಮನೆಯ ಮಹಡಿಯ ಕೋಣೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದಳು. ಹೋಗುವಾಗ ಮನೆಯ ಚಿಕ್ಕ ಹುಡುಗಿಗೆ ಈ ಬೊಂಬೆ ಕೊಟ್ಟಳು. ಆ ಹುಡುಗಿಯೇ ಆಪಾ. ಮನೆಯಲ್ಲಿ ಬೊಂಬೆ ಇಡುವುದಕ್ಕೆ ಅವರ ಅಜ್ಜಿಗೆ ಮನಸ್ಸಿರಲಿಲ್ಲವಂತೆ. ಕೊನೆಗೆ ಬೀರುವಿನ ಬಾಗಿಲ ಒಳಬದಿಗೆ ಮೊಳೆ ಹೊಡೆದು, ಬೊಂಬೆಯ ಕುತ್ತಿಗೆಯ ದಾರದಿಂದ ಅಲ್ಲಿ ತೂಗುಹಾಕಲು ಒಪ್ಪಿಗೆ ಸಿಕ್ಕಿತು. ಬಾಗಿಲು ತೆಗೆದಾಗ ಹುಡುಗಿಗೆ ಕಾಣುತ್ತದೆ, ಮುಚ್ಚಿದರೆ ನಮಾಜಿನ ಕೋಣೆಗೆ ಕಾಣುವುದಿಲ್ಲ. ಐವತ್ತೈದು ವರ್ಷ ಅದು ಆ ಕತ್ತಲೆಯಲ್ಲೇ ಇತ್ತು.

ಕಾಗದವನ್ನು ಇಸಿದುಕೊಂಡು ನಾನು ಫೈಲಿನೊಳಗೆ ಇಟ್ಟೆ. ಅಂದು ಸೋಮವಾರ. ಸೋಮವಾರ ಕೈಕೆಲಸದ ದಿನ.

ಆಪಾ ಹೋದ ಮೇಲೆ ಬೊಂಬೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಮರ ಆಶ್ಚರ್ಯ ಹುಟ್ಟಿಸುವಷ್ಟು ಹಗುರ, ಬೆಂಡಿನ ಹಾಗೆ. ಎರಡೂ ಕೈ ಹೊಟ್ಟೆಯ ಮೇಲೆ ಮಡಿಸಿ, ಮೈಗೆ ಅಂಟಿದಂತೆ ಕೆತ್ತಿತ್ತು. ಕಾಲು ಮೋಟು. ಮುಖ ನೀಲಿ ಹಸಿರಿನ ನಡುವಿನ ಒಂದು ಬಣ್ಣ, ಪುಡಿಪುಡಿಯಾಗಿ ಮಂಕು. ಎಡಗೆನ್ನೆಯಲ್ಲಿ ಆ ಬಣ್ಣವೂ ಹೋಗಿ ಬಿಳಿ ಮಣ್ಣಿನ ಲೇಪ ಕಾಣುತ್ತಿತ್ತು. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗೆರೆ, ಅಷ್ಟೇ. ಗಡ್ಡದಂತೆ ಕಪ್ಪು ಪಟ್ಟಿ, ಬೆನ್ನಿನ ಮೇಲೆ ಉದ್ದಕ್ಕೆ ಇಳಿಬಿಟ್ಟ ಕೂದಲು, ಕೂದಲಿಗೆ ಕಟ್ಟಿದ್ದ ಎರಡು ಕೊಳಕು ತುಪ್ಪುಳ. ಒಟ್ಟಿನಲ್ಲಿ ನನ್ನ ಕಣ್ಣಿಗೆ ಅದೊಂದು ದಿಕ್ಕಿಲ್ಲದ ವಸ್ತುವಾಗಿ ಕಂಡಿತು. ಅಷ್ಟು ದೂರದಿಂದ ಬರುವವರ ಕೈಗೆ ಇದನ್ನು ಹೀಗೆ ಕೊಟ್ಟರೆ ನಮ್ಮ ಜಿಲ್ಲೆಯ ಮರ್ಯಾದೆ ಏನಾದೀತು ಎಂದುಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಇದೇ ಮಾತನ್ನು ಜೋರಾಗಿ ಹೆಂಡತಿಗೂ ಹೇಳಿದೆ.

ಇನ್ನೊಂದು ಕಾರಣವೂ ಇತ್ತು. ನನ್ನ ಹೆಂಡತಿಯ ತವರು ತಾಳ್ಯದ ಕಡೆ. ಅಲ್ಲಿಯ ಒಂದು ಹಳ್ಳಿಯ ಅಮ್ಮನ ಮರದ ವಿಗ್ರಹಕ್ಕೆ ನಮ್ಮ ತಂದೆ ಬಣ್ಣ ಏರಿಸುತ್ತಿದ್ದರು. ಕೆಲವು ವರ್ಷಗಳಿಗೊಮ್ಮೆ ಆ ಕೆಲಸ ಬರುತ್ತಿತ್ತು. ಪೂಜಾರಿ ಅಮ್ಮನ ಶಕ್ತಿಯನ್ನು ಕಳಶಕ್ಕೆ ಇಳಿಸಿಕೊಳ್ಳುತ್ತಾನೆ. ಆಮೇಲೆ ಸುತ್ತ ಪರದೆ ಕಟ್ಟಿ ತಂದೆ ಒಳಗೆ ಹೋಗುತ್ತಾರೆ. ಹಳೆಯ ಬಣ್ಣವನ್ನು ತೊಳೆದು, ಉಜ್ಜಿ, ಮರ ಕಾಣುವವರೆಗೆ ತೆಗೆಯಬೇಕು. ಹೊಸ ಬಣ್ಣ ಏರಿಸಿ, ಎಲ್ಲಕ್ಕಿಂತ ಕಡೆಗೆ ಕಣ್ಣು ಬರೆಯಬೇಕು. ಕಣ್ಣು ಬರೆದ ಮೇಲೆಯೇ ಊರಿಗೆ ದರ್ಶನ. ಮಾಸಿದ ಅಮ್ಮನನ್ನು ಹಾಗೇ ಬಿಟ್ಟ ಊರನ್ನು ಜನ ಆಡಿಕೊಳ್ಳುತ್ತಾರೆ. ನಾನೂ ಆ ಪರದೆಯೊಳಗೆ ತಂದೆಗೆ ಕುಂಚ ಎತ್ತಿಕೊಟ್ಟವನು. ಹಳೆಯ ಬಣ್ಣ ತೊಳೆಯುವುದು ಸೇವೆ ಎಂದು ಕಲಿತ ಕೈ ನನ್ನದು. ಅದು ಎಲ್ಲ ಕಡೆಯೂ ಸೇವೆಯೇ ಎಂದು ನಂಬಿದ್ದೆ.

ಸೋಮವಾರ ಮಧ್ಯಾಹ್ನ ಕಾಲು ಅಂಟಿಸಿದೆ. ಕೂದಲೆಳೆಯಷ್ಟೂ ಸಂದು ಕಾಣದ ಹಾಗೆ ಕೂತಿತು. ಕೇಳಿದ್ದ ಕೆಲಸ ಅಲ್ಲಿಗೆ ಮುಗಿದಿತ್ತು.

ಮಂಗಳವಾರ ಬಿಸಿನೀರಿಗೆ ಬಟ್ಟೆ ಒಗೆಯುವ ಸೋಡಾ ಹಾಕಿ, ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಬೊಂಬೆಯನ್ನು ತೊಳೆದೆ. ಬಣ್ಣ ಒಂದು ಮಾತೂ ಆಡದೆ ಬಿಟ್ಟುಕೊಟ್ಟಿತು. ಅಂಟಿನ ಬಲವೇ ಇಲ್ಲದ, ಬರೀ ಕಲ್ಲುಪುಡಿಯ ಬಣ್ಣ. ಬಟ್ಟಲಿನ ನೀರು ಮೊದಲು ನೀಲಿ, ಆಮೇಲೆ ಕೆಂಪು, ಕಡೆಗೆ ಕೆರೆಯ ತಳದ ಕೆಸರಿನ ಬಣ್ಣವಾಯಿತು. ನೀರು ವ್ಯರ್ಥ ಮಾಡಬಾರದೆಂಬ ಅಭ್ಯಾಸ. ಸೋಡಾ ಇದೆ ಎಂಬುದನ್ನೂ ಮರೆತು ಎರಡು ಬಟ್ಟಲಾದ ಆ ನೀರನ್ನೆಲ್ಲ ಹಿತ್ತಿಲಿನ ಕರಿಬೇವಿನ ಬುಡಕ್ಕೆ ಸುರಿದೆ.

ಹೆಂಡತಿ ಆಗಲೇ ಕೇಳಿದಳು. “ಅವರು ಕಾಲು ಅಂಟಿಸ್ರಿ ಅಂದ್ರು, ನೀವು ಮೈ ತೊಳೀತಾ ಕುಂತೀರಲ್ಲ.”

“ಕೊಳೆ ಇದ್ರೆ ತೊಳೀಬೇಕಪ್ಪ.”

“ಕೊಳೆನೋ ಬಣ್ಣನೋ ಕೇಳಿದ್ರಾ?”

“ನಲವತ್ತು ವರ್ಷದಿಂದ ಮರ ನೋಡ್ತಿದೀನಿ, ನಂಗೇ ಹೇಳ್ತೀಯಾ?”

“ಮರ ನೋಡಿದೀರಿ. ಅವರ ಮಾತು ಕೇಳಿಸ್ಕಂಡಿಲ್ಲ ಅಷ್ಟೇಯ,” ಎಂದು ಒಳಗೆ ಹೋದಳು.

ಬುಧವಾರ ತೂತು ಸೀಳುಗಳಿಗೆಲ್ಲ ಲಪ್ಪದ ಹಿಟ್ಟು ತುಂಬಿ ಪಾಲಿಶ್ ಕಾಗದದಿಂದ ಉಜ್ಜಿದೆ. ಗುರುವಾರ ಹೊಳೆಯುವ ಎನಾಮಲ್, ಮುಖಕ್ಕೆ ಕೃಷ್ಣನ ನೀಲಿ. ಶುಕ್ರವಾರ ಸ್ನಾನ ಮಾಡಿ, ತಂದೆಯನ್ನು ನೆನೆದು, ಕಣ್ಣು ಬರೆದೆ. ಗೆರೆಗಳಿದ್ದ ಜಾಗದಲ್ಲಿ ಬಿಳಿ ಗುಡ್ಡೆ, ಕಪ್ಪು ಪಾಪೆ, ರೆಪ್ಪೆ. ಕೊಳಕು ತುಪ್ಪುಳ ಕಿತ್ತು ಎಸೆದು ನವಿಲುಗರಿಯ ಎರಡು ಎಳೆ ಸಿಕ್ಕಿಸಿದೆ. ಬೊಂಬೆ ತನ್ನಷ್ಟಕ್ಕೆ ನಿಲ್ಲುತ್ತಿರಲಿಲ್ಲ, ಅದಕ್ಕೇ ಬಿದ್ದು ಮುರಿದಿರಬೇಕೆಂದು ತೀರ್ಮಾನಿಸಿ, ಶನಿವಾರ ಸಾಗುವಾನಿಯ ಪೀಠ ಮಾಡಿ ಅಂಗಾಲಿಗೆ ಎರಡು ಸ್ಕ್ರೂ ಹೊಡೆದೆ. ಕುತ್ತಿಗೆಯ ದಾರ ಇನ್ನು ಬೇಡವೆಂದು ಕತ್ತರಿಸಿದೆ. ಒಳ್ಳೆಯ ಹತ್ತಿದಾರ. ಎಸೆಯಲು ಮನಸ್ಸಾಗದೆ ಕುಂಚಗಳ ಕಟ್ಟಿಗೆ ಸುತ್ತಿದೆ. ವಾರ್ನಿಶ್ ಒಣಗಿದ ಮೇಲೆ ಹೆಂಡತಿಯನ್ನು ಕರೆದು ತೋರಿಸಿದೆ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಹಳ ಹೊತ್ತು ನೋಡಿದಳು. “ಚೆನ್ನಾಗೈತೆ. ಆದ್ರೆ ಮೊದ್ಲು ಬಂದಿದ್ದೋರು ಎಲ್ಲಿಗೆ ಹೋದ್ರು?”

ನಾನು ನಕ್ಕುಬಿಟ್ಟೆ.

ಭಾನುವಾರ ಏಳಕ್ಕೆ ಫೈಲು ಬಿಚ್ಚಿದೆ. ಮೊದಲು ನೀರಿನ ಕಂದಾಯದ ಚೀಟಿ, ಆಮೇಲೆ ಆಪಾ ಕೊಟ್ಟ ಕಾಗದ. ಐದು ಹಾಳೆ, ಆ ಅಮೆರಿಕದ ಅಕ್ಕನ ನಡುಗುವ ಕೈಬರಹ. ಮೊದಲ ಹಾಳೆಯಲ್ಲಿ ಕ್ಷೇಮ ಸಮಾಚಾರ, ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದ್ದರು. ಎರಡನೆಯ ಹಾಳೆಯಿಂದ ಬೊಂಬೆಯ ವಿಷಯ. ಅದರ ಮೂರನೆಯ ಸಾಲು ಹೀಗಿತ್ತು: ಕಾಲು ಮುರಿದಿದ್ದರೂ ಬೆರಳು ಹೋಗಿದ್ದರೂ ಚಿಂತೆಯಿಲ್ಲ, ದಯವಿಟ್ಟು ಅದನ್ನು ಯಾರೂ ಶುಚಿ ಮಾಡದಂತೆ ನೋಡಿಕೊ.

ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಸಾಲು ಬದಲಾಗಲಿಲ್ಲ.

ಮೇಜಿನ ಮೇಲೆ ಬೊಂಬೆ ನಾನು ಬರೆದ ಕಣ್ಣುಗಳಿಂದ ನನ್ನನ್ನೇ ನೋಡುತ್ತಿತ್ತು. ಹೊಸ್ತಿಲಲ್ಲಿ ಅಲಸಂದೆ ಬಿಡಿಸುವ ಸದ್ದು. ನಾನು ಐದೂ ಹಾಳೆ ಓದಿದೆ, ಮಡಚಿ ಜೇಬಿಗಿಟ್ಟುಕೊಂಡೆ. ನಂತರ ಮಾಡಿದ್ದು ಇದಕ್ಕಿಂತ ಕೀಳು ಕೆಲಸ. ಅದನ್ನೂ ಇಲ್ಲಿ ಬರೆಯಬೇಕು.

ಹೊಸ ಮರವನ್ನು ಹಳೆಯದರಂತೆ ಕಾಣಿಸುವ ವಿದ್ಯೆ ನನಗೆ ಗೊತ್ತು. ಮುರಿದ ಹಳೆಯ ಬಾಗಿಲಿಗೆ ತೇಪೆ ಹಾಕುವವರೆಲ್ಲ ಅದನ್ನು ಬಲ್ಲರು. ಒಲೆಯ ಮಸಿ, ಚಹಾ ಡಿಕಾಕ್ಷನ್, ಸ್ವಲ್ಪ ಬೂದಿ. ಅಡುಗೆಮನೆಗೆ ಹೋಗಿ ಡಿಕಾಕ್ಷನ್ ಬಗ್ಗಿಸಿಕೊಂಡು ಬಂದೆ. ಬೊಂಬೆಯ ಎಡಗೈಯ ಹೊಳಪನ್ನು ಉಜ್ಜಿ ತೆಗೆದು, ಬಟ್ಟಲಲ್ಲಿ ಕಲಸಿದ್ದನ್ನು ಬಟ್ಟೆಯಿಂದ ಒತ್ತಿದೆ. ಐದು ನಿಮಿಷ. ಆ ಕೈ ಒಂದು ಕ್ಷಣಕ್ಕೆ ಎಂಬತ್ತು ವರ್ಷ ಹಳೆಯದಾಗಿ ಕಂಡಿತು. ಇಡೀ ಮೈಗೆ ಹೀಗೇ ಮಾಡಿದರೆ, ಕಣ್ಣನ್ನು ಮತ್ತೆ ಗೆರೆ ಮಾಡಿದರೆ, ಎಡಗೆನ್ನೆಯನ್ನು ಒಂದಿಷ್ಟು ಕೆರೆದರೆ, ಯಾರಿಗೂ ತಿಳಿಯುವುದಿಲ್ಲ. ಕೆಲಸ ಚೆನ್ನಾಗಿ ಬರುತ್ತಿದೆ ಎಂಬ ಸಂತೋಷ ಕೂಡ ನನಗಾಯಿತು. ಆ ಸಂತೋಷವನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ.

“ಏನ್ರಿ ಅದು, ಚಹಾ ಕುಡಿಸ್ತಿದೀರಾ ಬೊಂಬೆಗೆ?” ಹೆಂಡತಿ ಮೊರ ಕೆಳಗಿಟ್ಟು ಬಂದಿದ್ದಳು.

ನಾನು ಕೈಯಲ್ಲಿದ್ದ ಬಟ್ಟೆಯನ್ನು ಬಟ್ಟಲಿನ ಹಿಂದೆ ಸರಿಸಿದೆ.

“ಕಾಗದದಾಗೆ ಏನೈತೆ?”

ಹೇಳಿದೆ. ಅವಳು ಬೊಂಬೆಯ ಎಡಗೈ ನೋಡಿದಳು, ಬಟ್ಟಲು ನೋಡಿದಳು. ನನ್ನ ಮುಖ ಮಾತ್ರ ನೋಡಲಿಲ್ಲ. “ನಿಮ್ಮಪ್ಪ ಪರದೆ ಕಟ್ಟಿ ಕೆಲ್ಸ ಮಾಡ್ತಿದ್ರು ನಿಜ. ಆದ್ರೆ ಊರೋರು ಬಂದು ಮಾಡಪ್ಪ ಅಂತ ಕೇಳ್ಕಂಡ ಮ್ಯಾಲೆ ಕಟ್ತಿದ್ರು,” ಎಂದಳು.

ಕುಂಚದ ಕಟ್ಟಿನಿಂದ ದಾರ ಬಿಚ್ಚಿಕೊಂಡೆ. ತುಪ್ಪುಳಕ್ಕಾಗಿ ಕಸದ ಬುಟ್ಟಿ ಮಗುಚಿ ಹುಡುಕಿದೆ. ಶನಿವಾರ ಬೆಳಿಗ್ಗೆಯೇ ಕಸದ ಗಾಡಿಗೆ ಹಾಕಿದ್ದಾಗಿತ್ತು. ಸ್ಕ್ರೂಡ್ರೈವರ್, ದಾರ, ಕಾಗದ, ದುಪಟ್ಟಾದಲ್ಲಿ ಸುತ್ತಿದ ಬೊಂಬೆ, ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಹತ್ತೂವರೆಯ ಬಸ್ಸು ಹಿಡಿದೆ. ಸಂಜೆ ಆಪಾ ತಾವೇ ಬರುವವರಿದ್ದರು. ಅಲ್ಲಿಯವರೆಗೆ ಆ ಬಟ್ಟಲಿನ ಜೊತೆ ಒಂದೇ ಚಪ್ಪರದ ಕೆಳಗೆ ಕೂತಿದ್ದರೆ ನನ್ನ ಮೇಲೆ ನನಗೆ ನಂಬಿಕೆಯಿರಲಿಲ್ಲ.

ಐಮಂಗಲ ದಾಟುವಾಗ ಹೊಸದುರ್ಗದ ಶಾಲೆಯ ಒಬ್ಬ ಹುಡುಗಿ ನೆನಪಾದಳು. ಮರದ ಹಕ್ಕಿ ಮಾಡಿ ಅದಕ್ಕೆ ಮಣ್ಣು ಕಲಸಿದಂಥ ಮಬ್ಬು ಬಣ್ಣ ಹಚ್ಚಿದ್ದಳು. ಇದೇನು ಕೊಳಕು, ಹಳದಿ ಹಚ್ಚು, ಕೆಂಪು ಹಚ್ಚು ಎಂದು ತರಗತಿಯ ಮುಂದೆ ಉಜ್ಜಿಸಿದ್ದೆ. ನಮ್ಮ ಹೊಲದಾಗೆ ಬರೋ ಹಕ್ಕಿ ಹಿಂಗೇ ಇರ್ತೈತೆ ಸಾರ್ ಎಂದಿದ್ದಳು. ಕೇಳಿಸಿಕೊಳ್ಳಲಿಲ್ಲ. ಬಣ್ಣ ಹೊಳೆಯುವ ಹಕ್ಕಿಗೆ ಹತ್ತಕ್ಕೆ ಎಂಟು ಕೊಟ್ಟೆ. ಅವಳು ಆ ಹಕ್ಕಿಯನ್ನು ಮನೆಗೆ ಒಯ್ಯಲಿಲ್ಲ. ವರ್ಷದ ಕೊನೆಗೆ ಅಲಮಾರಿಯಲ್ಲಿ ಸಿಕ್ಕಿತು. ಇಷ್ಟು ವರ್ಷ ಅದನ್ನು ನಾನು ಒಂದು ಸಲವೂ ನೆನೆದಿರಲಿಲ್ಲ.

ಹಿರಿಯೂರಿನಲ್ಲಿ ಆಪಾ ಬಾಗಿಲಲ್ಲೇ ಇದ್ದರು. “ಅರೆ, ನಾನೇ ಬರ್ತಿದ್ನಲ್ಲ! ಬರ್ರಿ, ಬರ್ರಿ, ಕುಂತ್ಕಳ್ರಿ. ಬಿಸಿಲಾಗೆ ಯಾಕೆ ಬಂದ್ರಿ?”

ನಾನು ಕೂರಲಿಲ್ಲ. ದುಪಟ್ಟಾ ಬಿಚ್ಚಿ ಬೊಂಬೆಯನ್ನು ಮೇಜಿನ ಮೇಲಿಟ್ಟೆ.

ಆಪಾ ಬೊಂಬೆಯನ್ನು ನೋಡಿ, ನನ್ನ ಚೀಲದ ಕಡೆ ನೋಡಿ, “ಇದ್ಯಾರು ಮೇಷ್ಟ್ರೆ? ನಂದೆಲ್ಲಿ?” ಎಂದರು.

ಎಪ್ಪತ್ತನಾಲ್ಕು ವರ್ಷದಲ್ಲಿ ನನ್ನ ಕೆಲಸಕ್ಕೆ ಬಂದ ಮಾತುಗಳಲ್ಲಿ ಇಷ್ಟು ಪೆಟ್ಟು ಕೊಟ್ಟದ್ದು ಬೇರೆ ಇಲ್ಲ. ಇದೇ ಅದು ಎಂದೆ. ತೊಳೆದೆ, ಬಣ್ಣ ಹಚ್ಚಿದೆ, ಕಾಗದ ಓದುವ ಮೊದಲೇ ಎಂದೆ. ಅವರು ಬೊಂಬೆಯನ್ನು ಎತ್ತಿಕೊಂಡು, ಅಂಗೈಯಿಂದ ಎಡಗೆನ್ನೆಯನ್ನು ಹುಡುಕಿದರು. ಅಲ್ಲಿ ನಯವಾದ ಎನಾಮಲ್. ಕೈ ಜಾರಿತು.

“ಐವತ್ತೈದು ವರ್ಷ ನಾನು ಇದನ್ನ ಒರೆಸಲಿಲ್ಲ ಮೇಷ್ಟ್ರೆ,” ಎಂದರು. ದನಿ ಏರಿಸಲಿಲ್ಲ. “ಅಕ್ಕ ಹೇಳಿದ್ಲು, ಒರೆಸ್ಬೇಡ ಅಂತ. ಯಾಕೆ ಅಂತ ಆಗ ತಿಳೀಲಿಲ್ಲ, ಆದ್ರೂ ಒರೆಸಲಿಲ್ಲ. ನೀವು ಒಂದು ವಾರ ಇಟ್ಕಂಡ್ರಿ.”

ನಾನು ತಲೆ ತಗ್ಗಿಸಿ ನಿಂತೆ. ಕಡೆಯ ಸಾಲಿನಲ್ಲಿ ನಿಂತ ಹುಡುಗನ ಹಾಗೆ.

“ಕಾಗದ ಓದ್ರಿ. ಪೂರಾ ಓದ್ರಿ. ಒಂದ್ ಮಾತೂ ಬಿಡಬ್ಯಾಡ್ರಿ.”

ಕೂತು ಓದಿದೆ, ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸುತ್ತ. ಬೊಂಬೆ ಹೋಪಿ ಎಂಬ ಜನರದು. ಅಮೆರಿಕದ ಒಣನೆಲದಲ್ಲಿ, ಬಂಡೆದಿಬ್ಬಗಳ ಮೇಲೆ ಅವರ ಊರುಗಳು. ಕಾಲುವೆಯಿಲ್ಲ, ಮಳೆ ನಂಬಿ ಮೆಕ್ಕೆಜೋಳ ಬೆಳೆಯುತ್ತಾರೆ. ಅವರ ನಂಬಿಕೆಯಲ್ಲಿ ಕಟ್ಸಿನ ಎನ್ನುವವರಿದ್ದಾರೆ. ದೇವರುಗಳಲ್ಲ. ಮೋಡದ, ಗಿಡದ, ಪ್ರಾಣಿಗಳ, ತೀರಿಕೊಂಡ ಹಿರಿಯರ ಚೈತನ್ಯಗಳು. ಚಳಿಗಾಲದಲ್ಲಿ ಊರಿಗೆ ಬರುತ್ತಾರೆ, ತಿಂಗಳುಗಟ್ಟಲೆ ಊರ ನಡುವೆ ಕುಣಿದು ಜನರ ಬೇಡಿಕೆಯನ್ನು ಹೊತ್ತುಕೊಳ್ಳುತ್ತಾರೆ, ಜುಲೈ ತಿಂಗಳ ಕುಣಿತವಾದ ಮೇಲೆ ತಮ್ಮ ಬೆಟ್ಟಕ್ಕೆ ಮರಳುತ್ತಾರೆ. ಆ ಸಮಯಗಳಲ್ಲಿ ಅವರ ಕೈಯಿಂದಲೇ ಹೆಣ್ಣುಮಕ್ಕಳಿಗೆ ಇಂಥ ಬೊಂಬೆ ಸಿಗುತ್ತದೆ. ಚಳಿಗಾಲದಲ್ಲಾದರೆ ಮೊಳಕೆ ಬರಿಸಿದ ಬೀನ್ಸ್ ಸಸಿಗಳ ಕಟ್ಟಿನ ಜೊತೆಗೆ. ಆಟಕ್ಕಲ್ಲ, ಪೂಜೆಗೂ ಅಲ್ಲ. ಗೋಡೆಗೋ ತೊಲೆಗೋ ತೂಗುಹಾಕುತ್ತಾರೆ. ಹುಡುಗಿ ಅದನ್ನು ನೋಡುತ್ತ ನೋಡುತ್ತ, ಬಂದು ಹೋಗುವವರು ಯಾರೆಂದು ಕಲಿಯುತ್ತಾಳೆ. ಕೆತ್ತುವುದು ಹೊಳೆದಂಡೆಯ ಒಂದು ಜಾತಿಯ ಮರದ ಬೇರಿನಲ್ಲಿ, ಮರಳಿನಡಿಯ ನೀರನ್ನು ಹುಡುಕಿಕೊಂಡು ಹೋಗುವ ಬೇರು. ಇದು ಉದ್ದಕೂದಲಿನವ ಎಂಬ ಕಟ್ಸಿನನ ಬೊಂಬೆ. ಬೆನ್ನ ಮೇಲೆ ಇಳಿದ ಕೂದಲು ದೂರದಲ್ಲಿ ಸುರಿಯುವ ಮಳೆ. ಅದರಲ್ಲಿನ ಬಿಳಿ ತುಪ್ಪುಳ ಮೋಡ.

ತುಪ್ಪುಳದ ಸಾಲು ಬಂದಾಗ ನಿಲ್ಲಿಸಿದೆ. ಆಪಾ ನವಿಲುಗರಿಯ ಕಡೆ ನೋಡಿ, “ಮುಂದೆ,” ಎಂದರು.

ಮುಂದೆ ಆ ಅಕ್ಕ ಹೀಗೆ ಬರೆದಿದ್ದರು: ನಾನು ಬೆಳೆದ ಊರಿನಲ್ಲಿ ಒಬ್ಬ ಹೋಪಿ ಗೆಳತಿಯಿದ್ದಳು. ಅವಳ ಸೋದರಮಾವ ಕೆತ್ತಿದ ಬೊಂಬೆ ಇದು. ಅವರ ನೆಲದ ಕಲ್ಲುಮಣ್ಣನ್ನು ಅವನೇ ಅರೆದು ಮಾಡಿದ ಬಣ್ಣ. ನಾವು ಊರು ಬಿಡುವಾಗ ಅವಳು ತನ್ನದನ್ನೇ ನನಗೆ ಕೊಟ್ಟಳು. ನಾನು ವಯಸ್ಸಿನ ಹುಮ್ಮಸ್ಸಿನಲ್ಲಿ, ಅವಳನ್ನು ಕೇಳದೆ, ನಿನಗೆ ಕೊಟ್ಟೆ. ಈಗ ಗೆಳತಿ ಇಲ್ಲ. ಅವಳ ಮೊಮ್ಮಗಳು ನನ್ನನ್ನು ಹುಡುಕಿಕೊಂಡು ಬಂದು ಬೊಂಬೆಯನ್ನು ಕೇಳುತ್ತಿದ್ದಾಳೆ. ಆ ಮಾವನ ಕೈಯ ಕೆಲಸ ಅವರ ಮನೆಯಲ್ಲಿ ಒಂದೂ ಉಳಿದಿಲ್ಲವಂತೆ. ಎಡಗೆನ್ನೆಯಲ್ಲಿ ಬಣ್ಣ ಸವೆದಿದೆ, ನಿನಗೆ ನೆನಪಿರಬೇಕು. ಅದು ಮಲಗುವ ಮುಂಚೆ ದಿನವೂ ನನ್ನ ಗೆಳತಿ ಬೆರಳಿಟ್ಟ ಜಾಗ. ಮೊಮ್ಮಗಳಿಗೆ ಅದರ ಬಗ್ಗೆ ಹೇಳಿದ್ದೇನೆ. ಅವಳು ಮೊದಲು ನೋಡುವುದು ಅದನ್ನೇ.

ಕಾಗದ ಮುಗಿಯಿತು. ಬೀದಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ. ಆಪಾ ಕೇಳಿದರು, “ಆ ನೀರು ಎಲ್ಲಿ ಚೆಲ್ಲಿದ್ರಿ?”

“ಕರಿಬೇವಿನ ಬುಡಕ್ಕೆ.”

“ಅಷ್ಟ್ ದೂರದ ಮಣ್ಣು,” ಎಂದರು. ಅಷ್ಟೇ.

ಕ್ಷಮಿಸಿ ಎಂದೆ. ಆದರೆ ಕ್ಷಮಿಸುವ ಹಕ್ಕು ಇದ್ದವರು ಆ ಕೋಣೆಯಲ್ಲಿರಲಿಲ್ಲ. ಹೊಸ ಬಣ್ಣವನ್ನೂ ತೆಗೆದುಬಿಡಲೇ ಎಂದು ಕೇಳಿದೆ.

“ಬ್ಯಾಡ್ರಿ! ಇನ್ನು ನೀವು ಅದರ ಮೈ ಮುಟ್ಟಬ್ಯಾಡ್ರಿ. ಆ ಹಲಗೆ ಮಾತ್ರ ತೆಗೀರಿ. ಇದು ನಿಂತ್ಕಳೋ ಅಂಥದ್ದಲ್ಲ.”

ಪೀಠದ ಎರಡೂ ಸ್ಕ್ರೂ ಬಿಚ್ಚಿದೆ. ಅಂಗಾಲಿನಲ್ಲಿ ಎರಡು ತೂತು ಉಳಿದವು. ನನ್ನ ಬೆರಳು ತಾನಾಗಿ ಲಪ್ಪಕ್ಕಾಗಿ ಜೇಬು ತಡವಿತು. ಕೈ ಹಿಂದಕ್ಕೆ ತೆಗೆದುಕೊಂಡೆ. ಹಳೆಯ ದಾರವನ್ನು ಆಪಾ ಕೈಗೆ ಕೊಟ್ಟೆ. ಅವರೇ ಕುತ್ತಿಗೆಗೆ ಕಟ್ಟಿದರು. ನವಿಲುಗರಿಯನ್ನು ಅವರೇ ಕಿತ್ತು ನನ್ನ ಮುಂದೆ ಇಟ್ಟರು.

“ನಾಳೆ ಬರೋ ಹುಡುಗಿಗೆ ಏನು ಹೇಳ್ಲಿ? ನಂಗೆ ಅವಳ ಭಾಷೆ ಬರಲ್ಲ. ನೀವು ಮಾಡಿದ್ದು ನೀವೇ ಬರೆದ್ಕೊಡ್ರಿ,” ಎಂದು ನೋಟ್‌ಪುಸ್ತಕದ ಹಾಳೆ ಹರಿದು ಕೊಟ್ಟರು.

ಬರೆಯುವುದು ನನಗೆ ಸುಲಭ. ಕ್ರಮಸಂಖ್ಯೆ ಹಾಕಿ ಇಂಗ್ಲಿಷಿನಲ್ಲಿ ಬರೆದೆ. ಕಾಲು ಅಂಟಿಸಿದ್ದು, ಯಾವ ಅಂಟು. ತೊಳೆದದ್ದು, ಯಾವ ಸೋಡಾ, ನೀರನ್ನು ಎಲ್ಲಿ ಸುರಿದೆ. ಉಜ್ಜಿದ್ದು. ಬಣ್ಣದ ಬಗೆ. ಮೊದಲಿನ ಕಣ್ಣು ಹೇಗಿತ್ತು, ಗೆರೆಯ ಉದ್ದ ನೆನಪಿದ್ದಷ್ಟು, ಎಡಗೆನ್ನೆಯ ಗುರುತು ಎಲ್ಲಿತ್ತು, ಎಷ್ಟಗಲ ಎಂದು ಪಕ್ಕದಲ್ಲಿ ಚಿತ್ರವನ್ನೂ ಬರೆದೆ. ತುಪ್ಪುಳ ಕಳೆದದ್ದು. ಪೀಠ, ತೂತು. ಆರು ಸಂಖ್ಯೆ ಆಯಿತು. ಕೆಳಗೆ ಸಹಿ ಹಾಕಲು ಪೆನ್ನು ಊರಿದೆ.

ಎಡಗೈಯ ಚಹಾ ಬಣ್ಣ ಉಳಿದಿತ್ತು. ಆಪಾ ಅದನ್ನು ಗಮನಿಸಿರಲಿಲ್ಲ. ನಾಳೆ ನೋಡುವವರು ಆ ಒಂದು ಕೈ ಮಾತ್ರ ಹೇಗೋ ಹಳೆಯದಾಗಿಯೇ ಉಳಿಯಿತೆಂದು ತಿಳಿದು ಸಂತೋಷಪಟ್ಟಾರು. ಮೊಮ್ಮಗಳು ಆ ಕೈಯನ್ನು ತನ್ನ ಹಿರಿಯನ ಬಣ್ಣವೆಂದು ಮುಟ್ಟಿಯಾಳು. ಮೊದಲ ಆರರಲ್ಲಿದ್ದ ತಪ್ಪುಗಳನ್ನು ತಿಳಿಯದೆ ಮಾಡಿದ್ದೆ. ಇದೊಂದನ್ನು ತಿಳಿದು ಮಾಡಿದ್ದೆ. ಅದನ್ನೇ ಬಿಟ್ಟು ಸಹಿ ಹಾಕಲು ಹೊರಟಿದ್ದೆ.

“ಮುಗೀತಾ?” ಎಂದರು ಆಪಾ.

“ಇನ್ನೊಂದಿದೆ.”

ಏಳು ಎಂದು ಬರೆದೆ. ಎಡಗೈ ಹಳೆಯದಲ್ಲ. ಕಾಗದ ಓದಿದ ಮೇಲೆ, ಮೋಸ ಮಾಡುವ ಉದ್ದೇಶದಿಂದ, ಚಹಾ ಮತ್ತು ಮಸಿಯಿಂದ ಹಳೆಯದರಂತೆ ಮಾಡಿದ್ದೇನೆ. ಹಳೆಯ ಬಣ್ಣ ಈ ಬೊಂಬೆಯ ಮೇಲೆ ಎಲ್ಲೂ ಉಳಿದಿಲ್ಲ. ಬರೆದದ್ದನ್ನು ಆಪಾಗೆ ಕನ್ನಡದಲ್ಲಿ ಓದಿ ಹೇಳಿದೆ. ಆರು ಸಂಖ್ಯೆಗಳಿಗೆ ತಲೆಯಾಡಿಸಿದ್ದವರು ಏಳನೆಯದಕ್ಕೆ ನನ್ನ ಮುಖವನ್ನೇ ನೋಡಿದರು. ಅವರ ಮನೆಯಲ್ಲಿ ಅಷ್ಟು ವರ್ಷ ನನಗೆ ಸಿಗುತ್ತಿದ್ದ ಮರ್ಯಾದೆ ಆ ನೋಟದಲ್ಲಿ ಕಡಿಮೆಯಾದದ್ದು ನನಗೆ ಕಂಡಿತು. ಸಹಿ ಹಾಕಿದೆ.

ಆಪಾ ಹಾಳೆಯನ್ನು ಅಕ್ಕನ ಕಾಗದದ ಜೊತೆ ಮಡಚಿದರು. ಎದ್ದು ಬೀರುವಿನ ಬಾಗಿಲು ತೆಗೆದು, ಬೊಂಬೆಯನ್ನು ಹಳೆಯ ಮೊಳೆಗೆ ತೂಗುಹಾಕಿದರು. ಅದು ನಿಧಾನವಾಗಿ ತಿರುಗಿ ನಾನು ಬರೆದ ಕಣ್ಣುಗಳನ್ನು ಬಾಗಿಲ ಹಲಗೆಯ ಕಡೆ ಮಾಡಿ ನಿಂತಿತು. ಬೆನ್ನಿನ ಕೂದಲು ಮಾತ್ರ ಕಾಣುತ್ತಿತ್ತು. “ನಾಳೆ ಹೊಂಟೋಗ್ತೈತೆ,” ಎಂದು ಬಾಗಿಲು ಮುಚ್ಚಿದರು. “ಚಹಾ ಕುಡ್ಕಂಡು ಹೋಗ್ರಿ ಮೇಷ್ಟ್ರೆ.”

ಅವರು ಚಹಾ ಕೊಟ್ಟರು. ಕುಡಿದು ಮುಗಿಸಿದೆ.

ಸಂಜೆ ಐದರ ಬಸ್ಸಿಗೆ ಹೊರಟು ಆರೂಕಾಲಿಗೆ ಮನೆ ಸೇರಿದೆ. ಹೆಂಡತಿ ಬಾಗಿಲು ತೆಗೆದು, “ಹೇಳಿದ್ರಾ?” ಎಂದಳು.

“ಹೇಳಿದೆ.”

“ಬಟ್ಟಲಿಂದು?”

“ಅದನ್ನೂ.”

ಅವಳು ಸಾರು ಬಿಸಿ ಮಾಡಲು ಹೋದಳು. ಒಗ್ಗರಣೆಗೆ ಕರಿಬೇವು ಕೀಳಲು ಹಿತ್ತಿಲಿಗೆ ಬರುವವಳು ಅಂದು ಬರಲಿಲ್ಲ. ಸೋಡಾ ನೀರಿಗೆ ಗಿಡದ ಕೆಳಗಿನ ಎಲೆಗಳು ಹಳದಿಯಾಗತೊಡಗಿದ್ದವು. ಬುಡದ ಮಣ್ಣಿನ ಮೇಲೆ, ಬಗ್ಗಿ ನೋಡಿದರೆ ಮಾತ್ರ ಕಾಣುವಂತೆ, ಒಣಗಿದ ನೀಲಿಯ ಒಂದು ತೆಳುಗೆರೆ ಇತ್ತು. ಅದನ್ನು ಕೆದಕಲಿಲ್ಲ.

ಮೇಜಿನ ಮೇಲೆ ಬೆಳಗಿನ ಬಟ್ಟಲು ಹಾಗೆಯೇ ಇತ್ತು, ಮಸಿ ಅಂಚಿಗೆ ಅಂಟಿತ್ತು. ಚಹಾವನ್ನು ಗಿಡಕ್ಕೆ ಹಾಕದೆ ಬಚ್ಚಲಿಗೆ ಚೆಲ್ಲಿದೆ. ಬೂದಿಯಿಂದ ಬಟ್ಟಲನ್ನು ಎರಡು ಸಲ ಉಜ್ಜಿ, ತೊಳೆದು, ಬೋರಲು ಹಾಕಿದೆ.